ಗುಂಡುಗಂಟಿನೊಳಗಿನ ನಟ್ಟು

ಬಡ್ತಿ ಸಿಕ್ಕಿ ತೋಳಿನ ಮೇಲೆ ಲಂಗರಿನ ಗುರುತು ಹೊಲಿಸಿಕೊಂಡ ದಿನ ಅಮ್ಮ ಫೋನಿನಲ್ಲೇ ಅತ್ತುಬಿಟ್ಟಳು. ಅಕ್ಕ ಅವಳ ಕೈಯಿಂದ ಫೋನು ಕಸಿದುಕೊಂಡು, "ಏನೋ, ದೊಡ್ಡ ಮನುಷ್ಯ ಆಗ್ಬಿಟ್ಯಲ್ಲೋ!" ಎಂದು ಕೂಗಿದಳು. ಭಾವ ಮಾತ್ರ ನನ್ನ ಪಕ್ಕದ ಮಂಚದ ಮೇಲೆ ಕಾಲು ಚಾಚಿ ಮಲಗಿಕೊಂಡೇ, "ಇನ್ಮೇಲೆ ನಿನ್ನ ಕಂಡ್ರೆ ಎದ್ದು ನಿಲ್ಬೇಕೇನೋ?" ಎಂದು ನಕ್ಕರು.

ಪಕ್ಕದ ಮಂಚ ಎಂದರೆ ಹಡಗಿನ ಮಂಚ. ಅಕ್ಕನ ಗಂಡ ಮತ್ತು ನಾನು ಒಂದೇ ಹಡಗಿನಲ್ಲಿದ್ದೇವೆ. ನನಗಿಂತ ಮೊದಲು ನೌಕಾಪಡೆ ಸೇರಿದವರು ಅವರು, ನನ್ನ ಕಿವಿ ಹಿಂಡಿ ಇಲ್ಲಿಗೆ ಸೇರಿಸಿದವರೂ ಅವರೇ. ಆದರೆ ನಾವಿಕನಿಗಿಂತ ಒಂದು ಮೆಟ್ಟಿಲು ಮೇಲಿನ ಲೀಡಿಂಗ್ ದರ್ಜೆಯ ಪರೀಕ್ಷೆ ಎಂದರೆ ಅವರಿಗೆ ಜ್ವರ ಬರುತ್ತದೆ. ಹೀಗಾಗಿ ನಾನು ಹಡಗಿನ ಮುಂಭಾಗದ ಡೆಕ್ಕಿನ ಲೀಡಿಂಗ್ ಆದೆ, ಭಾವ ನನ್ನ ಕೈಕೆಳಗಿನ ನಾವಿಕರಾದರು.

ಲೀಡಿಂಗ್ ಎಂದ ಕೂಡಲೇ ಏನೋ ಮುನ್ನಡೆಸುವವನು ಎಂದುಕೊಳ್ಳಬೇಡಿ. ಮೇಲೆ ಚೀಫ್, ಅವರ ಮೇಲೆ ಅಧಿಕಾರಿ, ಅವರ ಮೇಲೆ ಕ್ಯಾಪ್ಟನ್. ಕೆಳಗೆ ಒಂದಷ್ಟು ನಾವಿಕರು. ಯಾರ ಕೂದಲು ಉದ್ದವಾಯಿತು, ಯಾರ ಬೂಟಿಗೆ ಪಾಲಿಶ್ ಇಲ್ಲ, ಯಾರು ರಜೆ ಮುಗಿಸಿ ತಡವಾಗಿ ಬಂದ, ಯಾರ ಹೆಂಡತಿ ಮುನಿಸಿಕೊಂಡಿದ್ದಾಳೆ, ಎಲ್ಲವೂ ನನ್ನ ತಲೆಗೆ. ಶಿಕ್ಷೆ ಕೊಡುವ ಅಧಿಕಾರ ಎಳ್ಳಷ್ಟೂ ಇಲ್ಲ. ತಪ್ಪು ಕಂಡರೆ ಬಾಯಲ್ಲಿ ಹೇಳಬೇಕು, ಕೇಳದಿದ್ದರೆ ಆರೋಪ ಬರೆದು ಮೇಲೆ ಕಳಿಸಬೇಕು. ಬರೆದರೆ ಕೆಳಗಿನವರು ಚಾಡಿಕೋರ ಅನ್ನುತ್ತಾರೆ. ಬರೆಯದಿದ್ದರೆ ಮೇಲಿನವರು ಕೈಲಾಗದವನು ಅನ್ನುತ್ತಾರೆ. ಈ ಭಾಗ್ಯಕ್ಕೆ ಸಿಹಿ ಹಂಚಿದ್ದೆ ನಾನು.

ಭಾವನಿಗೆ ಹಡಗಿನಲ್ಲಿ ಇಟ್ಟ ಹೆಸರು ಕವಣೆ. ಯಾಕೆಂದು ಹೇಳುತ್ತೇನೆ. ಹಡಗನ್ನು ಬಂದರಿನ ಕಟ್ಟೆಗೆ, ಅಂದರೆ ಜೆಟ್ಟಿಗೆ, ಕಟ್ಟುವ ಹಗ್ಗ ತೊಡೆಯಷ್ಟು ದಪ್ಪ, ಅದನ್ನು ಯಾರೂ ಎಸೆಯಲಾರರು. ಮೊದಲು ಒಂದು ತೆಳು ಹಗ್ಗ ಎಸೆಯುತ್ತೇವೆ. ಅದರ ತುದಿಯಲ್ಲಿ ಮುಷ್ಟಿ ಗಾತ್ರದ ಗುಂಡುಗಂಟು ಇರುತ್ತದೆ. ಜೆಟ್ಟಿಯ ಮೇಲೆ ನಿಂತವರು ಅದನ್ನು ಹಿಡಿದು ಎಳೆದರೆ ಹಿಂದೆಯೇ ದಪ್ಪ ಹಗ್ಗ ಹೋಗುತ್ತದೆ. ಎಂಥ ಗಾಳಿ ಇದ್ದರೂ ಭಾವನ ಎಸೆತ ಒಂದೇ ಸಲಕ್ಕೆ ಜೆಟ್ಟಿ ಮುಟ್ಟುತ್ತಿತ್ತು. ಕ್ಯಾಪ್ಟನ್ನರಿಗೆ ಅದೊಂದು ಹೆಮ್ಮೆ. ಎರಡನೇ ಸಲ ಎಸೆಯುವುದೆಂದರೆ ಬೇರೆ ಹಡಗಿನವರೆಲ್ಲ ನೋಡಿ ನಗುತ್ತಾರೆ ಎಂದು ಅವರ ಲೆಕ್ಕ.

ಗುಂಡುಗಂಟು ಬರೀ ಹಗ್ಗದ್ದೇ ಆಗಿರಬೇಕು, ಒಳಗೆ ಭಾರ ಸೇರಿಸಬಾರದು. ಇದು ನಾವು ಮೊದಲ ದಿನ ಕಲಿಯುವ ಪಾಠ. ಭಾರ ಇದ್ದರೆ ದೂರ ಹಾರುತ್ತದೆ, ನಿಜ. ಆದರೆ ಕೆಳಗೆ ನಿಂತವರ ತಲೆಗೆ ಬಿದ್ದರೆ ಅವರ ಕಥೆ ಅಲ್ಲಿಗೇ ಮುಗಿಯಿತು. ನಮ್ಮ ಬಂದರಿನಲ್ಲಿ ಕೆಳಗೆ ನಿಲ್ಲುವವರು ಜೆಟ್ಟಿ ಮಾಮ. ಇಡೀ ಹಡಗಿಗೇ ಮಾಮ. ಕೊಟ್ಟ ಹೆಲ್ಮೆಟ್ಟನ್ನು ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಇಟ್ಟು, ಬೋಳು ತಲೆಯನ್ನು ಬಿಸಿಲಿಗೆ ಒಡ್ಡಿ ನೀರಿನ ಅಂಚಿಗೇ ಬಂದು ನಿಲ್ಲುತ್ತಾರೆ. "ಹಾಕ್ರಪ್ಪಾ ಬೇಗ, ಊಟಕ್ಕೆ ಹೊತ್ತಾಯ್ತು!" ಎಂದು ಬೆಳಿಗ್ಗೆ ಬಂದರೂ ಕೂಗುತ್ತಾರೆ.

ಒಂದು ದಿನ ಡೆಕ್ ತೊಳೆಸಿ ಹಗ್ಗಗಳನ್ನು ಕೊಕ್ಕೆಗೆ ಹಾಕಿಸುತ್ತಿದ್ದೆ. ಭಾವನ ಹಗ್ಗ ಕೈಗೆ ಬಂತು. ಗಂಟು ಎತ್ತಿದ ತಕ್ಷಣ ಕೈಗೆ ಗೊತ್ತಾಯಿತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಒಳಗೆ ಕಲ್ಲಿನಂತೆ ಗಟ್ಟಿ.

"ಭಾವ, ಇದೇನಿದು?"

"ಗಂಟು."

"ಒಳಗೆ?"

"ಲೋ, ಮೆಲ್ಲಗೆ." ಅತ್ತಿತ್ತ ನೋಡಿ ಹತ್ತಿರ ಬಂದರು. "ಇಷ್ಟು ವರ್ಷದಲ್ಲಿ ಯಾರ ಮೈಗಾದ್ರೂ ತಾಗಿದ್ಯಾ? ನಾನು ಗುರಿ ಇಟ್ಟು ಎಸೆಯೋನು ಕಣೋ. ಸುಮ್ನೆ ಕುರುಡನ ಥರ ಎಸೆಯೋನಲ್ಲ."

"ತೆಗೆದುಬಿಡಿ ಭಾವ, ದಯವಿಟ್ಟು. ಯಾರಾದ್ರೂ ನೋಡಿದ್ರೆ ನಿಮ್ಮ ವರ್ಗ ಹೋಗುತ್ತೆ."

ಭಾವನಿಗೆ ದಡದ ಕಚೇರಿಗೆ ವರ್ಗವಾಗಿತ್ತು, ಹೊರಡುವುದಷ್ಟೇ ಬಾಕಿ. ಅಕ್ಕನಿಗೆ ದಿನ ತುಂಬುತ್ತ ಬಂದಿತ್ತು. ಮೊದಲನೇ ಮಗು ಉಳಿಯಲಿಲ್ಲ. ಆಗ ಭಾವ ಸಮುದ್ರದ ನಡುವೆ ಇದ್ದರು, ಸುದ್ದಿ ತಲುಪಿದ್ದೇ ಎಲ್ಲ ಮುಗಿದ ಮೇಲೆ. ಈ ಸಲ ಪಕ್ಕದಲ್ಲಿ ಇರುತ್ತೇನೆ ಎಂದು ಮಾತು ಕೊಟ್ಟಿದ್ದರು. ಅಕ್ಕ ಪ್ರತಿ ಫೋನಿನಲ್ಲೂ ಅದನ್ನೇ ಹೇಳುತ್ತಿದ್ದಳು, ಹೇಳುತ್ತಿದ್ದರೆ ನಿಜವಾಗುತ್ತದೆ ಎನ್ನುವ ಹಾಗೆ.

"ಅಷ್ಟು ಚಿಂತೆ ಇದ್ರೆ ನೀನೇ ತೆಗಿ" ಎಂದು ಭಾವ ಹಗ್ಗವನ್ನು ನನ್ನ ತೋಳಿನ ಮೇಲೆ ಹಾಕಿ ಹೊರಟೇ ಹೋದರು.

ನಾನು ಎಡವಿದ್ದು ಇಲ್ಲಿಯೇ. ಕರೆದು ನಿಲ್ಲಿಸಿ ಅವರ ಕೈಯಲ್ಲೇ ಬಿಚ್ಚಿಸಬೇಕಿತ್ತು, ಎಲ್ಲರ ಎದುರು. ಭಾವನಿಗೆ ಹಾಗೆ ಹೇಳುವುದು ಹೇಗೆ? ಮದುವೆಮನೆಯಲ್ಲಿ ಅವರ ಕಾಲು ತೊಳೆದವನು ನಾನು. ಮೂಲೆಗೆ ಕೂತು ಗಂಟು ಬಿಚ್ಚಿದೆ. ಎಂಜಿನ್ ಕೋಣೆಯ ದೊಡ್ಡ ನಟ್ಟು ಒಂದು ಹೊರಗೆ ಬಿತ್ತು. ಅದನ್ನು ನೀರಿಗೆ ಎಸೆದು, ಹೊಸ ಗಂಟು ಬಿಗಿದು, ಬೆನ್ನು ತಟ್ಟಿಕೊಂಡೆ.

ಮುಂದಿನ ಸಲ ಬಂದರಿಗೆ ಬಂದಾಗ ಭಾವ ಎಸೆದ ಹಗ್ಗ ಜೆಟ್ಟಿಗೆ ಮಾರು ದೂರದಲ್ಲಿ ನೀರಿಗೆ ಬಿತ್ತು. ಎರಡನೆಯದೂ ಬಿತ್ತು. ಮೇಲಿನ ಧ್ವನಿವರ್ಧಕದಲ್ಲಿ ಕ್ಯಾಪ್ಟನ್ನರ ದನಿ ಸಿಡಿಯಿತು: "ಮುಂದೆ ಏನು ನಿದ್ದೆ ಮಾಡ್ತಿದೀರಾ?"

ಭಾವ ನನ್ನ ಕಡೆ ಕೈ ತೋರಿಸಿ, "ಗಂಟು ಕಟ್ಟಿದ್ದು ಲೀಡಿಂಗ್ ಸಾಹೇಬ್ರು!" ಎಂದರು. ಡೆಕ್ಕಿಗೆ ಡೆಕ್ಕೇ ನಕ್ಕಿತು. ಮೈಯೆಲ್ಲ ಉರಿದುಹೋಯಿತು. ಚೀಫ್ ಆಮೇಲೆ ಕರೆದು ಬಾಯಿಗೆ ಬಂದಂತೆ ಬೈದರು. "ನಿನ್ನ ಹುಡುಗ್ರಿಗೆ ಒಂದು ಹಗ್ಗ ಎಸೆಯೋಕೆ ಬರಲ್ಲ ಅಂದ್ರೆ ನೀನು ಇರೋದ್ಯಾಕೆ?"

ಹಲ್ಲು ಕಚ್ಚಿ ಅಭ್ಯಾಸಕ್ಕೆ ಇಳಿಸಿದೆ. ಬೆಳಗಿನ ಕೆಲಸ ಮುಗಿದ ಮೇಲೆ ಖಾಲಿ ಜೆಟ್ಟಿಗೆ ಎಲ್ಲರಿಂದಲೂ ಹಗ್ಗ ಎಸೆಸಿದೆ. ಗೊಣಗಿದರು, ಭುಜ ನೋವು ಅಂದರು, ಒಬ್ಬ ಬೇಕೆಂದೇ ನನ್ನ ಟೋಪಿಗೆ ಗುರಿ ಇಟ್ಟ. ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗಂಟಿನೊಳಗೆ ಭಾರ ಸಿಕ್ಕರೆ ಬರೆದು ಕಳಿಸುತ್ತೇನೆ, ಯಾರ ಮುಖವನ್ನೂ ನೋಡುವುದಿಲ್ಲ ಎಂದೆ. ಭಾವ ಸಾಲಿನ ತುದಿಯಲ್ಲಿ ನಿಂತು ಆಕಳಿಸಿದರು.

ಮರುಸಲ ಬಂದರು ಹತ್ತಿರವಾಗುತ್ತಿದ್ದಂತೆ ಒಬ್ಬೊಬ್ಬರ ಗಂಟನ್ನೂ ಕೈಯಲ್ಲಿ ಹಿಚುಕಿ ನೋಡಿದೆ. ಭಾವನದೂ ಮೆತ್ತಗಿತ್ತು. ಗಾಳಿ ಜೆಟ್ಟಿಯ ಕಡೆಯಿಂದ ನಮ್ಮ ಮುಖಕ್ಕೇ ಹೊಡೆಯುತ್ತಿತ್ತು. ಮಾಮ ಹೆಲ್ಮೆಟ್ಟನ್ನು ಗೂಟದ ಮೇಲಿಟ್ಟು ಪಕ್ಕದಲ್ಲಿ ನಿಂತಿದ್ದರು. ಭಾವ ತೋಳು ಬೀಸಿದರು. ಹಗ್ಗ ಗಾಳಿಯನ್ನು ಸೀಳಿಕೊಂಡು ಹೋಯಿತು, ಆ ಗಾಳಿಯಲ್ಲಿ ಮೆತ್ತನೆಯ ಗಂಟು ಹಾಗೆ ಹೋಗುವುದು ಸಾಧ್ಯವೇ ಇಲ್ಲ. ಫಟ್ ಎಂದು ಸದ್ದಾಯಿತು. ಗೂಟದ ಮೇಲಿನ ಹೆಲ್ಮೆಟ್ಟು ಎರಡು ಹೋಳಾಗಿ ಬಿತ್ತು. ಮಾಮನ ತಲೆಗೂ ಅದಕ್ಕೂ ಒಂದು ಗೇಣು ಅಂತರವಿತ್ತು.

ಡೆಕ್ಕಿನ ಮೇಲೆ ಎಲ್ಲರೂ ಹೋ ಎಂದು ಕೂಗಿದರು. ಧ್ವನಿವರ್ಧಕ, "ಶಭಾಷ್! ಒಂದೇ ಎಸೆತ!" ಎಂದಿತು. ಮಾಮ ಒಡೆದ ಹೋಳನ್ನು ಎತ್ತಿ ತೋರಿಸಿ, "ಹೊಸದು ಕೊಡಿಸ್ಬೇಕು ನೋಡ್ರಪ್ಪಾ!" ಎಂದು ನಕ್ಕರು. ನಗುತ್ತಲೇ ಇನ್ನೊಂದು ಕೈಯಿಂದ ತಮ್ಮ ಬೋಳು ತಲೆಯನ್ನು ಮುಟ್ಟಿ ನೋಡಿಕೊಂಡರು.

ಹಗ್ಗ ವಾಪಸು ಬಂದ ಮೇಲೆ ಗಂಟನ್ನು ಚಾಕುವಿನಿಂದ ಸೀಳಿದೆ. ಅದೇ ಜಾತಿಯ ನಟ್ಟು.

"ತೋರಿಸೋಕೆ ಒಂದು, ಎಸೆಯೋಕೆ ಒಂದು" ಎಂದರು ಭಾವ. ಒಂದಿಷ್ಟೂ ಅಳುಕಿಲ್ಲ. "ನಿನ್ನ ಮಾನ ಉಳಿಸ್ದೆ ಕಣೋ. ಹೋದ್ಸಲ ನಿಂಗೆ ಉಗಿದಾಗ ನಂಗೇನು ಖುಷಿ ಆಯ್ತು ಅಂದ್ಕೊಂಡ್ಯಾ?"

ನನಗಾಗಿಯೇ ಮಾಡಿದೆ ಎಂದು ಅವರು ಮನಸಾರೆ ನಂಬಿದ್ದರು. ಸಿಟ್ಟು ಬಂದದ್ದು ಅದಕ್ಕೇ. ಸುಳ್ಳು ಹೇಳಿದ್ದರೆ ಇಷ್ಟು ಬರುತ್ತಿರಲಿಲ್ಲ.

ನಟ್ಟನ್ನು ಚೀಫ್ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಲೇ ಇಲ್ಲ.

"ಯಾರಿಗಾದ್ರೂ ಏಟಾಯ್ತಾ?"

"ಇಲ್ಲ."

"ಕ್ಯಾಪ್ಟನ್ ಹೊಗಳಿದ್ರಾ?"

"ಹೊಗಳಿದ್ರು."

"ಮತ್ತೆ ನಿಂಗೇನು ಕಷ್ಟ? ಅವನು ನಿನ್ನ ಭಾವ ಅಲ್ವಾ? ಮನೆ ವಿಷಯನ ಮನೇಲಿ ಇಟ್ಕೋ."

"ಎಲ್ರ ಮುಂದೆ ಹೇಳಿದೀನಿ ಸರ್, ಸಿಕ್ರೆ ಬರೀತೀನಿ ಅಂತ. ಬರೀತೀನಿ."

"ಬರಿ. ನನ್ನ ಕೈಲಿ ನನ್ನವರನ್ನ ಸಂಭಾಳಿಸೋಕಾಗಲಿಲ್ಲ ಅಂತಾನೂ ಅದ್ರಲ್ಲೇ ಬರಿ."

ಬರೆದೆ. ಆರೋಪದ ಹಾಳೆಯಲ್ಲಿ ಭಾವ ಎಂದು ಬರೆಯುವಂತಿಲ್ಲ, ಅವರ ನಂಬರು ಬರೆಯಬೇಕು. ಅಕ್ಕನ ಗಂಡನ ನಂಬರು ನನಗೆ ಬಾಯಿಪಾಠ ಇರಲಿಲ್ಲ, ಅವರ ಅಂಗಿಯ ಪಟ್ಟಿ ನೋಡಿ ಬರೆದುಕೊಂಡೆ. ಅವರು ಅಂಗಿ ಹಿಡಿದು ತೋರಿಸಿದರು.

ವಿಚಾರಣೆ ಎಂದರೆ ಒಂದು ಎತ್ತರದ ಮೇಜು. ಅದರ ಹಿಂದೆ ಕ್ಯಾಪ್ಟನ್ ನಿಲ್ಲುತ್ತಾರೆ, ಮುಂದೆ ಆರೋಪಿ ಟೋಪಿ ತೆಗೆದು ನಿಲ್ಲುತ್ತಾನೆ. ಆರೋಪ ಹೊರಿಸಿದವನು ಅದನ್ನು ಓದಿ ಒಪ್ಪಿಸಬೇಕು. ಆಮೇಲೆ ಆರೋಪಿಯ ನಡತೆ ಬಲ್ಲವರೊಬ್ಬರು ಅವನ ಪರವಾಗಿ ಮಾತಾಡಬೇಕು. ಅದು ನಮ್ಮ ಅಧಿಕಾರಿಯ ಕೆಲಸ. ಅವರು ರಜೆಯ ಮೇಲಿದ್ದರು. ಚೀಫ್, "ನಂಗೆ ಅವನ ವಿಷಯ ಏನ್ ಗೊತ್ತು, ಲೀಡಿಂಗೇ ಹೇಳಲಿ" ಎಂದು ಕೈ ತೊಳೆದುಕೊಂಡರು. ಹೀಗಾಗಿ ಎರಡೂ ನನ್ನ ಪಾಲಿಗೆ. ಮೊದಲು ಆರೋಪ ಓದಿದೆ. ಆಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ, ಬೇರೆ ಮನುಷ್ಯನಾದೆ ಎನ್ನುವಂತೆ. ಇಂಥ ನಗೆಪಾಟಲು ಬೇರೆ ಯಾವ ಕೆಲಸದಲ್ಲಿದೆಯೋ ನನಗೆ ಗೊತ್ತಿಲ್ಲ.

"ಇವರ ನಡತೆ ಹೇಗೆ?" ಎಂದರು ಕ್ಯಾಪ್ಟನ್.

"ಇವರಷ್ಟು ಚೆನ್ನಾಗಿ ಹಗ್ಗ ಎಸೆಯೋರು ಈ ಹಡಗಲ್ಲಿ ಇಲ್ಲ ಸರ್." ಚೀಫ್ ಕಡೆ ನೋಡದೆ ಮುಂದುವರಿಸಿದೆ. "ಮೊದಲನೇ ಸಲ ನಟ್ಟು ಸಿಕ್ಕಾಗ ನಾನು ಅದನ್ನ ನೀರಿಗೆ ಹಾಕಿ ಸುಮ್ಮನಾದೆ. ಅವತ್ತು ಹಗ್ಗ ನೀರಿಗೆ ಬಿತ್ತು, ಎಲ್ಲರೂ ಬೈಸಿಕೊಂಡ್ವಿ. ಎರಡನೇ ಸಲ ಎಸೆದ್ರೆ ತಪ್ಪಿಲ್ಲ ಅಂತ ನಾವ್ಯಾರೂ ಇವರಿಗೆ ಹೇಳಿಲ್ಲ ಸರ್."

ಚೀಫ್ ಕೆಮ್ಮಿದರು. ಕ್ಯಾಪ್ಟನ್ ನನ್ನನ್ನೇ ದಿಟ್ಟಿಸಿ ನೋಡಿದರು. ನಾವ್ಯಾರೂ ಎಂದರೆ ಯಾರು ಎಂದು ಅವರಿಗೆ ಅರ್ಥವಾಗಿತ್ತು. ಕಡ್ಡಿ ಮುರಿದಂತೆ ತೀರ್ಪು ಕೊಟ್ಟರು. ಭಾವನ ವರ್ಗ ರದ್ದು, ಮುಂದಿನ ಆದೇಶದವರೆಗೆ ಹಗ್ಗ ಎಸೆಯುವಂತಿಲ್ಲ. ನನಗೆ, ಗೊತ್ತಿದ್ದೂ ಮೊದಲೇ ತಿಳಿಸದಿದ್ದಕ್ಕೆ, ಲಿಖಿತ ಎಚ್ಚರಿಕೆ.

ಅಕ್ಕ ಅಂದೇ ಫೋನು ಮಾಡಿದಳು. ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು.

"ತಪ್ಪು ಅವರದ್ದೇ, ನಂಗೂ ಗೊತ್ತು. ಬರೆಯೋಕೆ ನಿನ್ನ ಕೈಯೇ ಬೇಕಿತ್ತೇನೋ?"

"ಅದು ನನ್ನ ಕೆಲಸ ಅಕ್ಕ."

"ಸರಿ ಬಿಡು. ನೋವು ಬಂದಾಗ ನಿನ್ನ ಕೆಲಸಾನೇ ಕರೀತೀನಿ, ಬಂದು ಪಕ್ಕದಲ್ಲಿ ಕೂರಲಿ."

ಫೋನು ಇಟ್ಟಳು. ಮತ್ತೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಭಾವನೂ ಮಂಚ ಬದಲಾಯಿಸಿದರು. ಎದುರಿಗೆ ಸಿಕ್ಕರೆ "ಹೇಳಿ ಸರ್" ಅನ್ನುತ್ತಿದ್ದರು. ಮಾಮನ ತಲೆ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಆಗದೇ ಇದ್ದ ಅನಾಹುತವನ್ನು ಯಾರಿಗೆ ತೋರಿಸುವುದು? ಎಲ್ಲರ ಕಣ್ಣಿಗೂ ಕಾಣುತ್ತಿದ್ದದ್ದು ಭಾವನ ವರ್ಗವನ್ನು ತಿಂದ ಬಾಮೈದ ಮಾತ್ರ.

ಮುಂದಿನ ಬಂದರು ಪ್ರವೇಶಕ್ಕೆ ಎಸೆಯುವ ಸರದಿ ನನ್ನದಾಯಿತು. ಗಂಟು ಮೆತ್ತಗಿತ್ತು, ಗಾಳಿ ಮೊದಲಿನಷ್ಟೇ ಕೆಟ್ಟದಾಗಿತ್ತು. ನನ್ನ ಮೊದಲ ಎಸೆತ ನೀರಿಗೆ ಬಿತ್ತು. ಧ್ವನಿವರ್ಧಕ ಗರಗರ ಎಂದಿತು, ಮಾತು ಬರಲಿಲ್ಲ. ಒದ್ದೆ ಹಗ್ಗವನ್ನು ಎಳೆದು ಸುತ್ತಿ ಕೊಡುವ ಕೆಲಸ ಭಾವನದು. ಸುತ್ತಿ ಕೊಟ್ಟರು, ಮುಖ ನೋಡಲಿಲ್ಲ. ಎರಡನೆಯದು ಜೆಟ್ಟಿಯ ಗೋಡೆಗೆ ಬಡಿದು ಜಾರಿತು.

"ಇನ್ನೊಂದ್ಸಲ ಹಾಕಪ್ಪಾ!" ಎಂದು ಮಾಮ ಕೂಗಿದರು. ಹೊಸ ಹೆಲ್ಮೆಟ್ಟು ಬಂದಿತ್ತು. ಎಂದಿನಂತೆ ಅದು ಗೂಟದ ಮೇಲಿತ್ತು, ಬೋಳು ತಲೆ ಬಿಸಿಲಿಗೆ ಹೊಳೆಯುತ್ತಿತ್ತು. "ನಾನೇನು ಓಡಿಹೋಗ್ತೀನಾ? ಇಲ್ಲೇ ಇರ್ತೀನಿ!"

ಇದ್ದಬದ್ದ ಸಿಟ್ಟನ್ನೆಲ್ಲ ಸೇರಿಸಿ ಮೂರನೆಯದನ್ನು ಎಸೆದೆ. ಚೀಫ್ ಮೇಲಿನ ಸಿಟ್ಟು, ಅಕ್ಕನ ಮೇಲಿನದು, ಭಾವನ ಮೇಲಿನದು. ಗಂಟು ಮೇಲೆ ಹೋಗಿ, ಗಾಳಿಗೆ ವಾಲಿ, ನೇರವಾಗಿ ಮಾಮನ ಬೋಳು ತಲೆಗೆ ಬಿತ್ತು. ದಪ್ ಎಂದ ಸದ್ದು ಡೆಕ್ಕಿನವರೆಗೂ ಕೇಳಿಸಿತು.

ಮಾಮ ಒಂದು ಹೆಜ್ಜೆ ಹಿಂದಕ್ಕೆ ಹೋದರು. ತಲೆ ಉಜ್ಜಿಕೊಂಡರು. "ಅಯ್ಯೋ ನಿನ್ನ! ಒಳ್ಳೆ ಗುರಿ ಕಣಯ್ಯಾ!" ಎಂದು ಗಹಗಹಿಸಿ ನಗುತ್ತ ಹಗ್ಗ ಹಿಡಿದು ಎಳೆಯತೊಡಗಿದರು.

ದಪ್ಪ ಹಗ್ಗ ಬಿಡಬೇಕಿದ್ದ ಭಾವ ಬಿಡಲಿಲ್ಲ. ತಿರುಗಿ ನೋಡಿದೆ. ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು ನಿಂತಿದ್ದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಕಣ್ಣು ಮಾಮನ ತಲೆಯ ಮೇಲೆ ನೆಟ್ಟಿತ್ತು.

"ತಲೆಗೇ ಬಿತ್ತಲ್ವೇನೋ?" ಎಂದರು.

"ತಲೆಗೇ ಬಿತ್ತು ಭಾವ."

ಕೆಳಗೆ ಮಾಮ, "ಹಗ್ಗ ಬಿಡ್ರಪ್ಪಾ, ಊಟಕ್ಕೆ ಹೊತ್ತಾಯ್ತು!" ಎಂದು ಕೂಗುತ್ತಿದ್ದರು. ಭಾವ ಬಗ್ಗಿ ದಪ್ಪ ಹಗ್ಗವನ್ನು ಬಿಡತೊಡಗಿದರು. ಮೂರು ಸಲ ಎಸೆದ ಲೀಡಿಂಗ್ ಕೂಡಲೇ ಮೇಲೆ ಬರಬೇಕು ಎಂದು ಧ್ವನಿವರ್ಧಕ ಹೇಳಿತು. ಟೋಪಿ ಸರಿಮಾಡಿಕೊಂಡು ಬೈಸಿಕೊಳ್ಳಲು ಹೊರಟೆ.