ಮಿನಾಸ್ ಈ ವರ್ಷ ಹಬ್ಬ ಆಚರಿಸುವುದಿಲ್ಲ

ಗಂಡನ ವೃತ್ತಿಜೀವನವನ್ನು ದೋಮ್ನಾ ಕುರ್ಚಿಗಳ ಲೆಕ್ಕದಲ್ಲಿ ಅಳೆಯುತ್ತಿದ್ದಳು. ಬಂದರು ಊರಾದ ಕವಾಲದಲ್ಲಿ ಹೆಸರಿನ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಸಂತನ ದಿನ ಬಂತೆಂದರೆ ಆ ಸಂತನ ಹೆಸರು ಹೊತ್ತವನ ಮನೆಯ ಬಾಗಿಲು ತೆರೆದಿರುತ್ತದೆ, ಬರಬೇಕೆನಿಸಿದವರು ಬರುತ್ತಾರೆ, ಸಿಹಿ ತಿಂದು ನೂರು ಕಾಲ ಬಾಳು ಎಂದು ಹರಸಿ ಹೋಗುತ್ತಾರೆ. ಗಂಡ ಎಲ್ಲಿ ಕೆಲಸದಲ್ಲಿದ್ದರೂ ಆ ದಿನಕ್ಕೆ ಇಬ್ಬರೂ ಕವಾಲದ ಸ್ವಂತ ಮನೆಗೆ ಬರುತ್ತಿದ್ದರು. ಮಿನಾಸ್ ಕಾರಿಪೋಗ್ಲು ಥೆಸಲೊನೀಕಿಯ ದೊಡ್ಡ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದ ಕಾಲದಲ್ಲಿ ಸಂತ ಮಿನಾಸನ ದಿನ ಪಕ್ಕದ ಮನೆಯಿಂದ ಕುರ್ಚಿ ತರಬೇಕಾಗುತ್ತಿತ್ತು. ಕೋಚ್ ಆದ ಮೇಲೆ ಗೆಲ್ಲುತ್ತಿದ್ದ ವರ್ಷ ಮನೆಯ ಕುರ್ಚಿಗಳೇ ಸಾಕಾಗುತ್ತಿದ್ದವು. ಸೋಲುತ್ತಿದ್ದ ವರ್ಷ ಕೆಳಮನೆಯ ಮುದುಕಿ ಸಿಮೇಲ ಒಬ್ಬಳೇ ಬಂದು, ಒಂದರ ಮೇಲೆ ಕೂತು, ಇನ್ನೊಂದರ ಮೇಲೆ ಕಾಲು ಚಾಚುತ್ತಿದ್ದಳು.

ದೊಡ್ಡ ತಂಡದಲ್ಲಿ ಆಡುತ್ತಿದ್ದ ಎನ್ನುವುದೂ ದೊಡ್ಡ ಮಾತೇ. ಅವನು ಹೆಚ್ಚು ಕಾಲ ಕಳೆದದ್ದು ಬೆಂಚಿನ ಮೇಲೆ, ಹೆಗಲಿಗೊಂದು ಟವೆಲ್ ಹಾಕಿಕೊಂಡು. ಒಂದು ಸಂಜೆ, ಆಡಬೇಕಾದವರೆಲ್ಲ ಫೌಲ್ ಆಗಿ ಹೊರಬಿದ್ದ ಮೇಲೆ, ಕೋಚ್ ಬೇರೆ ದಾರಿಯಿಲ್ಲದೆ ಇವನನ್ನು ಒಳಗೆ ಕಳಿಸಿದ. ಗಂಟೆ ಹೊಡೆಯುವ ಮುಂಚಿನ ಉಸಿರಿನಲ್ಲಿ ಇವನು ಕಣ್ಣುಮುಚ್ಚಿ ಎಸೆದ ಚೆಂಡು ಬುಟ್ಟಿಯೊಳಗೆ ಬಿತ್ತು. ಅದನ್ನು ಟಿ.ವಿ.ಯಲ್ಲಿ ತೋರಿಸಿದರು. ಅಷ್ಟೇ. ಮಿನಾಸನ ಉಳಿದ ಬದುಕೆಲ್ಲ ಆ ಒಂದು ಎಸೆತದ ವಿವರಣೆ. ಮೊದಲ ವರ್ಷಗಳಲ್ಲಿ ಅವನು ಅದನ್ನು ಮೂರಂಕದ ಕಮಾನಿನ ಗೆರೆಯ ಆಚೆಯಿಂದ ಎಸೆದಿದ್ದ. ಮದುವೆಯ ಹತ್ತನೇ ವರ್ಷಕ್ಕೆ ಅಂಗಳದ ನಡುಗೆರೆಗೆ ಬಂದಿದ್ದ. ಈಗೀಗ ಕೇಳಿದರೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲಿನಿಂದ ಎಸೆದನೇನೋ ಅನ್ನಿಸುತ್ತಿತ್ತು.

ಕೋಚ್ ಆಗಿ ಅವನು ದ್ರಾಮ, ಸೆರೆಸ್, ವೆರಿಯ, ಕೊಮೊತಿನಿ ಎಂದು ಉತ್ತರದ ಊರುಗಳನ್ನೆಲ್ಲ ಸುತ್ತಿದ. ಎಲ್ಲ ಕಡೆಯೂ ಹಾರ ಹಾಕಿ ಕರೆದುಕೊಂಡು, ಹಿಂದಿನ ಬಾಗಿಲಿನಿಂದ ಕಳಿಸಿದರು. ಪ್ರತಿ ಸಲವೂ ನೀಲಿ ಪೆಟ್ಟಿಗೆ ತುಂಬಿದವಳು ದೋಮ್ನಾ, ಪರದೆಗಳನ್ನು ಹೊಸ ಕಿಟಕಿಯ ಅಳತೆಗೆ ಕತ್ತರಿಸಿದವಳು ದೋಮ್ನಾ. ಕೊನೆಗೆ ಆ ಪರದೆಗಳು ಕರವಸ್ತ್ರದಷ್ಟಾಗಿದ್ದವು. ಗಂಡನ ಮಾತಿನಲ್ಲಿ ಅವಳು ಒಂದು ವ್ಯಾಕರಣವನ್ನು ಬಹಳ ಬೇಗ ಕಲಿತಿದ್ದಳು. ತಂಡ ಗೆದ್ದ ರಾತ್ರಿ ಅವನು ಬಾಗಿಲಲ್ಲೇ ನಿಂತು "ಗೆದ್ದೆ" ಅನ್ನುತ್ತಿದ್ದ. ಸೋತ ರಾತ್ರಿ "ಸೋತ್ರು" ಅನ್ನುತ್ತಿದ್ದ. ಯಾರು ಗೆದ್ದರು, ಯಾರು ಸೋತರು ಎಂದು ಬಿಡಿಸಿ ಹೇಳುವ ಅಗತ್ಯವೇ ಇರಲಿಲ್ಲ, ಎಲ್ಲ ಆ ಕ್ರಿಯಾಪದದ ಬಾಲದಲ್ಲೇ ಇತ್ತು.

ಕೊನೆಗೆ ತಾನು ಹುಟ್ಟಿದ ಕವಾಲಕ್ಕೇ ಅವನು ಕೋಚ್ ಆಗಿ ಬಂದಾಗ ದೋಮ್ನಾ ಬಂದರಿನ ಹಡಗು ಟಿಕೆಟ್ಟಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಗಾಜಿನ ಕಿಂಡಿ, ಒಂದು ಎತ್ತರದ ಸ್ಟೂಲು, ಕಾಲಬಳಿ ಸಣ್ಣ ಹೀಟರು. ಯಾರೋ ಬಂದು ಎದುರಿನ ದ್ವೀಪ ಥಾಸೋಸ್‌ಗೆ ಮುಂದಿನ ಹಡಗು ಯಾವಾಗ ಎಂದು ಕೇಳುತ್ತಾರೆ. ಅವಳು ಹೇಳುತ್ತಾಳೆ. ಅವರು ನಂಬಿ ಹೋಗುತ್ತಾರೆ. ತಾನು ಹೇಳಿದ್ದನ್ನು ಜನ ಹೀಗೆ ಸುಮ್ಮನೆ ನಂಬಿ ನಡೆದುಬಿಡುವುದು ಎಷ್ಟು ದೊಡ್ಡ ಸುಖ ಎಂದು ಅವಳಿಗೆ ಐವತ್ತು ದಾಟಿದ ಮೇಲೆ ಗೊತ್ತಾಗಿತ್ತು.

ಆ ನವೆಂಬರಿನ ಮೊದಲಲ್ಲಿ ಕವಾಲದ ಕ್ಲಬ್ಬು ಮಿನಾಸನನ್ನು ತೆಗೆದುಹಾಕಿತು. ಪಟ್ಟಿಯ ತಳದಲ್ಲಿದ್ದ ತಂಡದೆದುರು, ತನ್ನದೇ ಅಂಗಳದಲ್ಲಿ, "ಸೋತ್ರು". ಕ್ಲಬ್ಬಿನ ಅಧ್ಯಕ್ಷ ಲಾಂಬ್ರೋಸ್ ಮೀನಿನ ಸಗಟು ವ್ಯಾಪಾರಿ. ಕೆಟ್ಟ ವಾಸನೆ ಬಂದ ಸರಕನ್ನು ಇಟ್ಟುಕೊಳ್ಳುವವನಲ್ಲ. ಎರಡು ದಿನಕ್ಕೆ ಲಿಮ್ನೋಸ್ ದ್ವೀಪದ ಒಂದು ತಂಡದಿಂದ ಫೋನ್ ಬಂತು.

"ನೀಲಿ ಪೆಟ್ಟಿಗೆ ತೆಗಿ," ಎಂದ ಮಿನಾಸ್. "ಅಲ್ಲಿ ಗಾಳಿ ಜಾಸ್ತಿ. ಉಣ್ಣೆ ಬಟ್ಟೆ ತಳಕ್ಕೆ ಹಾಕು."

"ನಾನು ಬರ್ತೀನಿ ಅಂತ ಹೇಳಿಲ್ಲ."

"ಮನೆ ಸಣ್ಣದಂತೆ. ಸಮುದ್ರ ಕಾಣತ್ತಂತೆ."

"ಮಿನಾಸ್, ನನಗೆ ಇಲ್ಲಿ ಕೆಲಸ ಇದೆ."

"ಅಲ್ಲೂ ಕಿಂಡಿ ಇರತ್ತೆ ಬಿಡು," ಎಂದು ಅವನು ಆಲಿವ್ ಬೀಜವನ್ನು ತಟ್ಟೆಗೆ ಉಗಿದ.

ಯೋಚಿಸಿ ಹೇಳುತ್ತೇನೆ ಎಂದು ಅವಳು ಥಾಸೋಸ್‌ನಲ್ಲಿದ್ದ ಅಕ್ಕನ ಮನೆಗೆ ಆಲಿವ್ ಕೀಳಲು ಹೋದಳು. ಅವಳು ಹೋದ ಮರುದಿನವೇ ಹಡಗಿನವರ ಮುಷ್ಕರ. ಟಿಕೆಟ್ಟಿನ ಕಿಂಡಿ ಮುಚ್ಚಿತು, ದೋಮ್ನಾ ದ್ವೀಪದಲ್ಲೇ ಉಳಿದಳು. ಅಕ್ಕನ ಮನೆಯ ಮರಗಳ ಕೆಳಗೆ ಬಲೆ ಹಾಸಿ, ಕೋಲಿನಿಂದ ಕೊಂಬೆ ಬಡಿಯುತ್ತಾ, ಲಿಮ್ನೋಸ್‌ಗೆ ಹೋಗಲೋ ಬೇಡವೋ ಎಂದು ಯೋಚಿಸಿದಳು. ಹೋಗದಿದ್ದರೆ ಅವನು ಒಂದು ಮೊಟ್ಟೆ ಬೇಯಿಸಿಕೊಳ್ಳಲಾರ ಅನ್ನಿಸಿತು. ಹೋದರೆ ಆ ಮೊಟ್ಟೆಯನ್ನು ತಾನೇ ಬೇಯಿಸಬೇಕು ಅನ್ನಿಸಿತು. ತೀರ್ಮಾನಕ್ಕೆ ಬರಲಿಲ್ಲ.

ಮುಷ್ಕರ ಮುಗಿದು ಮೊದಲ ಹಡಗು ಬಿಟ್ಟದ್ದು ಸಂತ ಮಿನಾಸನ ದಿನ. ಒಂದು ಕೈಯಲ್ಲಿ ಹೊಸ ಎಣ್ಣೆಯ ಡಬ್ಬ ಹಿಡಿದು ಅವಳು ಕವಾಲದ ಕಟ್ಟೆಯ ಮೇಲೆ ಇಳಿದಳು. ಎಳ್ಳಿನ ಬಳೆರೊಟ್ಟಿ ಮಾರುವ ಸ್ತಮಾತಿಸ್ ಅವಳನ್ನು ನೋಡಿ ಇಕ್ಕಳ ಕೈಬಿಟ್ಟು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ದೋಮ್ನಾ... ನೀನಾ?"

"ಇನ್ಯಾರು? ನೀನ್ಯಾಕೆ ಸುಣ್ಣ ಬಳ್ಕೊಂಡ ಹಾಗಿದ್ದೀಯ?"

"ಏನಿಲ್ಲಮ್ಮ, ಏನಿಲ್ಲ. ಪೇಪರ್‌ನಲ್ಲಿ..." ಎಂದು ಅವನು ಗಾಡಿಯ ಮೇಲಿದ್ದ ಊರ ಪತ್ರಿಕೆಯನ್ನು ಅವಳ ಕಡೆ ತಳ್ಳಿದ.

ನಾಲ್ಕು ಸಾಲಿನ ಪ್ರಕಟಣೆ. ಸಾವಾದ ಮನೆಯವರು ಹಾಕಿಸುವಂಥದ್ದು, ಕಪ್ಪು ಚೌಕಟ್ಟಿನೊಳಗೆ. 'ದುಃಖದ ನಿಮಿತ್ತ ಶ್ರೀ ಮಿನಾಸ್ ಕಾರಿಪೋಗ್ಲು ಅವರು ಈ ವರ್ಷ ಹೆಸರಿನ ಹಬ್ಬ ಆಚರಿಸುವುದಿಲ್ಲ, ಅತಿಥಿಗಳನ್ನು ಸ್ವೀಕರಿಸುವುದಿಲ್ಲ.'

ಅವನ ತಾಯಿ ತಂದೆ ಹೋಗಿ ಎಷ್ಟೋ ಕಾಲವಾಗಿತ್ತು. ತಮ್ಮಂದಿರಿಲ್ಲ, ತಂಗಿಯರಿಲ್ಲ. ಅವನು ಯಾರಿಗಾಗಿಯಾದರೂ ದುಃಖಪಡಬೇಕೆಂದರೆ ಇದ್ದದ್ದು ಒಬ್ಬಳೇ, ಜರ್ಮನಿಯಲ್ಲಿದ್ದ ಮಗಳು ಪಾರ್ಥೇನ. ಸ್ತಮಾತಿಸ್ ಹಿಂದಿನಿಂದ ಏನೋ ಕೂಗುತ್ತಿದ್ದ. ಅವಳು ಕೇಳಿಸಿಕೊಳ್ಳದೆ, ಹಳೇ ಊರಿನ ಏರು ಮೆಟ್ಟಿಲುಗಳನ್ನು ಎಣ್ಣೆ ಡಬ್ಬದ ಸಮೇತ ಓಡಿ ಹತ್ತಿದಳು. ಮಗಳ ಹೆಸರು ಬಿಟ್ಟು ಬೇರೇನೂ ತಲೆಯಲ್ಲಿರಲಿಲ್ಲ.

ಬಾಗಿಲು ತೆರೆದಿತ್ತು. ಹಜಾರದಲ್ಲಿ ಕಪ್ಪು ಕೋಟುಗಳು ಒಂದರ ಮೇಲೊಂದು ನೇತಾಡುತ್ತಿದ್ದವು. ಸಕ್ಕರೆಯಿಲ್ಲದ ಕಾಫಿಯ ವಾಸನೆ, ಬ್ರಾಂಡಿಯ ವಾಸನೆ, ಸಾವಿನ ಮನೆಯಲ್ಲಿ ಕೊಡುವ ಒಣ ರೊಟ್ಟಿ. ಒಳಕೋಣೆಯಿಂದ ಲಾಂಬ್ರೋಸನ ದಪ್ಪ ದನಿ ಕೇಳಿಸಿತು.

"ಪಾಪ, ಕಿಂಡೀಲಿ ನಗ್ತಾ ಕೂತಿರ್ತಿದ್ಲು. ವಾರದಿಂದ ಕಿಂಡಿ ಮುಚ್ಚಿದ್ದು ನೋಡಿ, ಮುಷ್ಕರ ಕಣೇ ಅಂತ ನಾನಂದ್ರೂ ನನ್ನ ಹೆಂಡತಿ, ದೋಮ್ನಾಗೆ ಏನೋ ಆಗಿದೆ ಅಂತ ಅಂದ್ಲು. ಆಮೇಲೆ ಪೇಪರ್ ನೋಡಿದ್ವಿ. ಹೇಗಾಯ್ತು ಕೋಚ್?"

"ಏನ್ ಹೇಳ್ಲಿ," ಎಂದ ಮಿನಾಸ್.

"ಮಣ್ಣು ಮಾಡಿದ್ದು?"

"ದ್ವೀಪದಲ್ಲಿ ಅವಳ ಅಕ್ಕ ಇದ್ದಾಳೆ," ಎಂದ ಮಿನಾಸ್. ಅದು ಸುಳ್ಳಲ್ಲ.

ಗೋಡೆಗೆ ಆತುಕೊಂಡು ನಿಂತಿದ್ದ ದೋಮ್ನಾಳಿಗೆ ಮೊದಲು ಬಂದದ್ದು ಸಿಟ್ಟಲ್ಲ. ಮಗಳು ಬದುಕಿದ್ದಾಳೆ, ಸತ್ತಿರುವುದು ತಾನು ಎಂಬ ಅಪಾರವಾದ ಸಮಾಧಾನ. ಅವಳು ಡಬ್ಬವನ್ನು ಸದ್ದಾಗದಂತೆ ಕೆಳಗಿಟ್ಟಳು.

"ಸೋಮವಾರ ಬಾ ಕೋಚ್," ಎಂದ ಲಾಂಬ್ರೋಸ್, ಮೂಗು ಸೀಟುತ್ತಾ. "ಹುಡುಗರನ್ನ ಮತ್ತೆ ನೀನೇ ನೋಡ್ಕೋ. ಹೆಂಡ್ತಿ ಇಲ್ಲದ ಮನುಷ್ಯ ಲಿಮ್ನೋಸ್ ಗಾಳೀಲಿ ಒಬ್ನೇ ಏನ್ ಮಾಡ್ತಾನೆ? ನಮಗೂ ಮನಸ್ಸು ಅನ್ನೋದಿದೆ."

ಯಾರೋ ಹೆಂಗಸರು ಬಿಕ್ಕಿದರು. ಆಗ ಮಿನಾಸ್ ಗಂಟಲು ಸರಿಮಾಡಿಕೊಂಡ. ಅವನು ಆ ಎಸೆತದ ಕಥೆ ಶುರು ಮಾಡುತ್ತಾನೆಂದು ದೋಮ್ನಾಳಿಗೆ ಅವನು ಉಸಿರೆಳೆದ ರೀತಿಯಲ್ಲೇ ತಿಳಿಯಿತು.

"ಅವತ್ತು ಅವಳು ಮೂರನೇ ಸಾಲಲ್ಲಿ ಕೂತಿದ್ಲು. ಚೆಂಡು ಕೈಲಿತ್ತು. ಇಡೀ ಅಂಗಳ ಮುಂದಿತ್ತು. ನಿಜ ಹೇಳ್ಲಾ, ನಾನು ಬುಟ್ಟಿ ನೋಡ್ಲೇ ಇಲ್ಲ. ಅವಳ ಮುಖ ನೋಡ್ದೆ. ಎಸೆದೆ."

ಆ ಸಂಜೆ ದೋಮ್ನಾ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಕಾರಿಡಾರಿನ ಟಿ.ವಿ.ಯಲ್ಲಿ ಗದ್ದಲ ಎದ್ದಾಗ ಸೂಲಗಿತ್ತಿ ತಲೆ ಒಳಹಾಕಿ, ನಿನ್ನ ಗಂಡ ಚೆಂಡು ಹಾಕಿದನಂತೆ ಕಣಮ್ಮ, ನೀನೂ ಸ್ವಲ್ಪ ತಿಣುಕು ಎಂದಿದ್ದಳು. ಮಿನಾಸ್ ಬಂದದ್ದು ಮಾರನೇ ದಿನ ಮಧ್ಯಾಹ್ನ, ಕಂಕುಳಲ್ಲಿ ಆಟದ ಪತ್ರಿಕೆ ಇಟ್ಟುಕೊಂಡು. ತೊಟ್ಟಿಲಿನೊಳಗೆ ಇಣುಕುವ ಮೊದಲು ಹಾಸಿಗೆಯ ಮೇಲೆ ಪತ್ರಿಕೆ ಹರಡಿ, ನೋಡು, ಎಡಗಡೆಯದು ನಾನು ಎಂದಿದ್ದ. ಅಷ್ಟು ವರ್ಷ ಆ ಕಥೆಯೊಳಗೆ ಅವನು ಅವಳಿಗೆ ಒಂದು ಕುರ್ಚಿಯನ್ನೂ ಹಾಕಿರಲಿಲ್ಲ. ಈಗ ಸತ್ತ ಮೇಲೆ ಮೂರನೇ ಸಾಲಿನಲ್ಲಿ ಜಾಗ ಸಿಕ್ಕಿತ್ತು.

ಅವಳು ಒಳಗೆ ಹೋದಳು.

ಕೋಣೆ ಕಿಕ್ಕಿರಿದಿತ್ತು. ಬಾಯಿಗೆ ಹೋಗುತ್ತಿದ್ದ ಒಂದು ಬಟ್ಟಲು ಅರ್ಧದಲ್ಲೇ ನಿಂತಿತು. ಸಿಮೇಲ ಎಲ್ಲರಿಗಿಂತ ಮೊದಲು ಚೇತರಿಸಿಕೊಂಡು, ತನ್ನ ರವಿಕೆಯೊಳಗೆ ಮೂರು ಸಲ ಥೂ ಥೂ ಥೂ ಎಂದು ದೃಷ್ಟಿಗೆ ಉಗಿದಳು. ಆಮೇಲೆ ದೋಮ್ನಾಳ ತೋಳನ್ನು ಚಿವುಟಿ ನೋಡಿದಳು.

"ಬಿಸಿ ಇದ್ದಾಳೆ," ಎಂದಳು.

ಮಿನಾಸ್ ಅರ್ಧ ಎದ್ದ. ಅವನ ಮುಖದಲ್ಲಿ ನಾಚಿಕೆಯನ್ನು ದೋಮ್ನಾ ಹುಡುಕಿದಳು. ಅದು ಇರಲಿಲ್ಲ. ರೆಫ್ರಿ ತಪ್ಪು ಸೀಟಿ ಊದಿದಾಗಿನ ಅದೇ ಹಳೆಯ ಅಸಮಾಧಾನವಿತ್ತು.

"ನಾನು ಸತ್ಲು ಅಂತ ಎಲ್ಲೂ ಹೇಳಿಲ್ಲ," ಎಂದ. "ಇವ್ರೇ ಹಾಗಂದ್ಕೊಂಡ್ರು."

ಸೋತ್ರು ಎಂದಷ್ಟೇ ಸಲೀಸಾಗಿ ಅಂದ.

"ಹಾಗಾದ್ರೆ ಸತ್ತಿದ್ದು ಯಾರಯ್ಯಾ?" ಎಂದು ಲಾಂಬ್ರೋಸ್ ಕೇಳಿದ. "ಕಪ್ಪು ಚೌಕಟ್ಟು ಯಾಕೆ ಹಾಕ್ಸಿದ್ದು?"

"ದುಃಖ ಅಂದ್ರೆ ಬರೀ ಸಾವೇ ಆಗ್ಬೇಕಾ? ನನ್ನನ್ನ ತೆಗೆದುಹಾಕಿದ್ರಿ. ಅದು ದುಃಖ ಅಲ್ವಾ?"

"ಯಾರೂ ಬರಲ್ಲ ಅಂತ ಗೊತ್ತಿತ್ತು ನಿನಗೆ," ಎಂದಳು ಸಿಮೇಲ, ಒಣ ರೊಟ್ಟಿಯನ್ನು ಬ್ರಾಂಡಿಯಲ್ಲಿ ಅದ್ದುತ್ತಾ. "ಬರಬೇಡಿ ಅಂತ ನೀನೇ ಹೇಳಿಬಿಟ್ರೆ ಮಾನ ಉಳಿಯತ್ತೆ ಅಂತ. ಅಯ್ಯೋ ಮಂಕೆ, ಹಬ್ಬ ಇಲ್ಲ ಅಂದ್ರೆ ಜನ ಮನೇಲಿರ್ತಾರೆ. ಸಾವು ಅಂದ್ರೆ ಚಪ್ಪಲಿ ಕೂಡ ಸರಿಯಾಗಿ ಹಾಕ್ಕೊಳ್ದೆ ಓಡಿ ಬರ್ತಾರೆ."

ಯಾರೋ ಮೂಗಿನಿಂದ ನಕ್ಕರು. ನಗು ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಯಿತು. ಲಾಂಬ್ರೋಸ್ ಮಾತ್ರ ನಗದೆ ಟೋಪಿ ತೆಗೆದುಕೊಂಡ.

"ಸೋಮವಾರದ ಮಾತು ಮರೆತುಬಿಡು ಕೋಚ್. ಅದು ಹೆಂಡ್ತಿ ಸತ್ತವನಿಗೆ ಹೇಳಿದ್ದು." ಬಾಗಿಲಲ್ಲಿ ದೋಮ್ನಾಳ ಮುಂದೆ ತಲೆ ಬಾಗಿಸಿ, "ತಪ್ಪು ತಿಳೀಬೇಡಮ್ಮ, ನೀನು ಬದುಕಿರೋದು ಸಂತೋಷವೇ," ಎಂದು ಹೋದ.

ದೋಮ್ನಾ ಅಡುಗೆಮನೆಗೆ ಹೋಗಿ ಬೆಳ್ಳಿ ತಟ್ಟೆ ತೆಗೆದಳು. ಸಕ್ಕರೆ ಪಾಕದ ಚೆರ್ರಿ ಹಣ್ಣನ್ನು ಪುಟ್ಟ ಬಟ್ಟಲುಗಳಿಗೆ ಹಾಕಿ ಎಲ್ಲರಿಗೂ ಹಂಚಿದಳು. ಸಂತನ ದಿನ ಬಂದವರನ್ನು ಕಹಿ ಬಾಯಲ್ಲಿ ಕಳಿಸುವಂತಿಲ್ಲ. ಜನ ಸಿಹಿ ತಿಂದರು, ಮುಜುಗರದಿಂದ ಅವಳಿಗೇ ನೂರು ಕಾಲ ಬಾಳು ಎಂದರು. ಕೊನೆಗೆ ತಟ್ಟೆಯನ್ನು ಗಂಡನ ಮುಂದೆಯೂ ಹಿಡಿದಳು. ಇಷ್ಟು ವರ್ಷ ಈ ಮನುಷ್ಯನ ಮೇಲೆ ತನಗಿದ್ದದ್ದು ಸಿಟ್ಟು ಎಂದು ಅವಳು ತಿಳಿದಿದ್ದಳು. ಸಿಟ್ಟಿಗೆ ಒಂದು ಆಸೆ ಇರುತ್ತದೆ, ಅವನು ಇಂದಲ್ಲ ನಾಳೆ ತನ್ನ ಕಡೆ ತಿರುಗಿ ನೋಡಿಯಾನು ಎಂದು. ಈಗ ಒಳಗೆ ಹುಡುಕಿದರೆ ಆ ಆಸೆ ಇರಲಿಲ್ಲ. ಅವನು ಚೆರ್ರಿ ಹಣ್ಣು ನುಂಗುವುದನ್ನು, ಗಲ್ಲಕ್ಕೆ ಪಾಕ ಇಳಿಯುವುದನ್ನು ಅವಳು ನೋಡಿದಳು. ಪಕ್ಕದ ಬೀದಿಯ ಯಾರೋ ಪೆದ್ದ ತಿನ್ನುತ್ತಿದ್ದಾನೆ ಅನ್ನಿಸಿತು, ಅಷ್ಟೇ.

ಎಲ್ಲರೂ ಹೋದ ಮೇಲೆ ಮಿನಾಸ್ ಕೋಣೆಯ ನಡುವೆ ನಿಂತು ಸುತ್ತ ನೋಡಿದ.

"ಎಷ್ಟು ಜನ ಬಂದಿದ್ರು ನೋಡ್ದ್ಯಾ? ಸಿಮೇಲಳ ಮನೆಯಿಂದ ಕುರ್ಚಿ ತರಿಸ್ಬೇಕಾಯ್ತು."

"ನಾನು ಸತ್ತಿದ್ದಕ್ಕೆ ಬಂದಿದ್ರು, ಮಿನಾಸ್."

"ಏನೋ ಒಂದು. ಬಂದ್ರಲ್ಲ." ಅವನು ಫೋನಿನ ಕಡೆ ನಡೆದ. "ಲಿಮ್ನೋಸ್‌ನವ್ರಿಗೆ ಬರ್ತೀವಿ ಅಂತ ಹೇಳ್ತೀನಿ. ನೀಲಿ ಪೆಟ್ಟಿಗೆ ತೆಗಿ."

ಅವಳು ನೀಲಿ ಪೆಟ್ಟಿಗೆ ತೆಗೆದಳು. ಉಣ್ಣೆ ಬಟ್ಟೆಗಳನ್ನು ತಳಕ್ಕೆ ಹಾಕಿದಳು. ಅವನ ಬಟ್ಟೆಗಳು, ಅವನ ಸೀಟಿ, ಅವನ ಟವೆಲ್. ಪೆಟ್ಟಿಗೆಯಲ್ಲಿ ಇನ್ನೂ ಬೇಕಾದಷ್ಟು ಜಾಗವಿತ್ತು.

ಮರುದಿನ ಅವಳು ಎಂದಿನಂತೆ ಕೆಲಸಕ್ಕೆ ಹೋಗಿ ಕಿಂಡಿಯ ಗಾಜನ್ನು ಮೇಲಕ್ಕೆ ಸರಿಸಿದಳು. ಸತ್ತು ಬದುಕಿದವಳನ್ನು ನೋಡಲೆಂದೇ ಅವತ್ತು ಸಾಲು ಉದ್ದವಿತ್ತು. ಆ ಸಾಲಿನಲ್ಲಿ ಮಿನಾಸನೂ ಪೆಟ್ಟಿಗೆ ಹಿಡಿದು ನಿಂತಿದ್ದ. ಅವನ ಸರದಿ ಬಂತು.

"ಲಿಮ್ನೋಸ್‌ಗೆ ಎರಡು," ಎಂದ.

"ಒಂದು," ಎಂದಳು ದೋಮ್ನಾ.

"ಎರಡು ಅಂದೆ."

"ನಿಮಗೆ ಒಂದೇ ಸಾಕು ಕೋಚ್." ಕಿಂಡಿಗೆ ಬರುವ ಅಪರಿಚಿತರೊಡನೆ ಆಡುವ ದನಿಯಲ್ಲೇ ಅವಳು ಹೇಳಿದಳು. "ಹಡಗು ಸಂಜೆ ಹೊರಡತ್ತೆ. ಗಾಳಿ ಇದೆ, ಮೇಲೆ ನಿಲ್ಲಬೇಡಿ, ಒಳಗೆ ಕೂತ್ಕೊಳ್ಳಿ."

ಮೂವತ್ತು ವರ್ಷದಲ್ಲಿ ಅವಳು ಅವನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಅವನಿಗೆ ಅದು ಅರ್ಥವಾಯಿತು. ಅಂಗಳದಲ್ಲಿ ರೆಫ್ರಿಗೆ ದೂರುವಾಗ ಮಾಡುತ್ತಿದ್ದ ಹಾಗೆ ಎರಡೂ ಕೈ ಎತ್ತಿ ಸಾಲಿನ ಕಡೆ ತಿರುಗಿದ. ಯಾರೂ ಸೀಟಿ ಊದಲಿಲ್ಲ. ಹಿಂದಿದ್ದ ಸಿಮೇಲ, "ಜರುಗಪ್ಪಾ, ನಮಗೂ ಹೋಗೋದಿದೆ," ಎಂದಳು. ಅವಳಿಗೆ ಹೋಗಬೇಕಾದ ಊರು ಯಾವುದೂ ಇರಲಿಲ್ಲ.

ಮಿನಾಸ್ ಟಿಕೆಟ್ಟು ತೆಗೆದುಕೊಂಡು ಪಕ್ಕಕ್ಕೆ ಸರಿದ.

"ಥಾಸೋಸ್‌ಗೆ ಮುಂದಿನದು ಎಷ್ಟೊತ್ತಿಗಮ್ಮ?" ಎಂದು ಸಾಲಿನಲ್ಲಿದ್ದ ಮುಂದಿನವನು ಕೇಳಿದ.

ದೋಮ್ನಾ ಹೇಳಿದಳು. ಅವನು ನಂಬಿ ಹೋದ.