ಅರ್ಧ ಬಾಗಿಲಿನ ಬೀದಿ

ಶವದ ವ್ಯಾನನ್ನು ಚಾಲಕ ದೊಡ್ಡ ರಸ್ತೆಯತ್ತ ತಿರುಗಿಸಲು ಹೊರಟಾಗ ಮಗಳು ಅವನ ಭುಜ ಮುಟ್ಟಿ, ಎಡಕ್ಕಿರುವ ರಿಪೇರಿ ಬೀದಿಗೇ ಹೋಗಬೇಕೆಂದಳು. ಅಲ್ಲಿ ಗಾಡಿ ಹಿಡಿಸುವುದೇ ಕಷ್ಟವೆಂದು ಅವನು ಗೊಣಗಿದ. ಹಿಂದೆ ಮಲಗಿಸಿದ್ದ ಅವಳ ಅಮ್ಮನನ್ನು ಕನ್ನಡಿಯಲ್ಲಿ ಒಮ್ಮೆ ನೋಡಿ, ಎಡಕ್ಕೆ ತಿರುಗಿಸಿದ.

ಅದು ಅಮ್ಮನ ಕೊನೆಯ ಆಸೆ. ಆಸೆ ಅನ್ನುವುದಕ್ಕಿಂತ, ಕೆಲಸ ಒಪ್ಪಿಸಿದ ಹಾಗಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಉಸಿರು ಸಾಲದಿದ್ದರೂ ಹೇಳಿದ್ದರು:

"ನನ್ನನ್ನ ಆ ಬೀದೀಲೇ ಕರ್ಕೊಂಡು ಹೋಗು. ಅವ್ರೇನು ಮಾಡ್ತಾರೆ ನೋಡು. ನೀನಾಗಿ ಏನೂ ಹೇಳ್ಬೇಡ."

ಕಾಲೇಜಿನಲ್ಲಿ ಮಾನವಶಾಸ್ತ್ರ ಕಲಿಸುತ್ತ, ಊರಿನ ಜನ ಯಾವುದನ್ನು ನಮ್ಮದು ಎನ್ನುತ್ತಾರೆಂದು ಬೀದಿ ಬೀದಿ ಅಲೆದು ಕೇಳಿದವರು ಅಮ್ಮ. ರಿಪೇರಿ ಬೀದಿ ಅವರಿಗೆ ಇಟ್ಟ ಹೆಸರು ಪ್ರಶ್ನೆ ಮೇಡಂ.

ಬೀದಿಯ ಅಂಗಡಿಗಳ ಶಟರ್‌ಗಳೆಲ್ಲ ಪೂರ್ತಿ ಮೇಲಿದ್ದವು. ಮಗಳು ಎರಡೂ ಬದಿ ನೋಡಿದಳು; ಒಂದೂ ಇಳಿದಿರಲಿಲ್ಲ.

*

ಅಮ್ಮ ಮೊದಲ ಸಲ ಇಲ್ಲಿಗೆ ಬಂದಾಗ ಮಗಳು ಹುಟ್ಟಿರಲಿಲ್ಲ. ಉರಿಬಿಸಿಲು. ಈ ಬೀದಿಯದೇ ಆದ ಹಳೆಯ ಪದ್ಧತಿ ಏನಾದರೂ ಉಂಟೇ ಎಂದು ಬೆಳಗಿನಿಂದ ಅಂಗಡಿ ಅಂಗಡಿ ಹತ್ತಿಳಿದಿದ್ದರು. ಯಾರಿಗೂ ಏನೂ ಹೊಳೆದಿರಲಿಲ್ಲ. ಕೊನೆಗೆ, ಒಂದು ಮಹಡಿ ಮೆಟ್ಟಿಲ ಕೆಳಗೆ ಗೋಣಿ ಹಾಸಿಕೊಂಡು ಕೊಡೆ ರಿಪೇರಿ ಮಾಡುತ್ತಿದ್ದವನ ಎದುರು ಬಂದು ನಿಂತರು. ಆತ ಮೊದಲು ನೀರು ಕೊಟ್ಟ. ಆಮೇಲೆ, ಬೀದಿಯವರು ಯಾರಾದರೂ ತೀರಿಕೊಂಡರೆ ಎಲ್ಲರೂ ಶಟರ್ ಅರ್ಧಕ್ಕೆ ಇಳಿಸುತ್ತೇವೆ, ತಾತ ಮುತ್ತಾತನ ಕಾಲದಿಂದಲೂ, ಎಂದ.

ಅಮ್ಮ ಅದನ್ನು ಪುಸ್ತಕದಲ್ಲಿ ಬರೆದರು. ಓದಿದವರು ಬೀದಿ ನೋಡಲು ಬಂದರು. ನಾಚಿಕೆಗೋ ಹೆಮ್ಮೆಗೋ, ಬೀದಿಯವರೂ ಸಾವಾದಾಗಲೆಲ್ಲ ಶಟರ್ ಇಳಿಸತೊಡಗಿದರು. ಇದು ಪಾರಂಪರಿಕ ಬೀದಿ ಎಂದು ನಗರಸಭೆ ಫಲಕ ನಿಲ್ಲಿಸಲು ಹೊರಟ ಸಮಯದಲ್ಲಿ ಅಮ್ಮನಿಗೆ ಬೀದಿಯ ತಾತಂದಿರ ಕಾಲದ ಫೋಟೊವೊಂದು ಸಿಕ್ಕಿತು. ಆಗ ಬೀದಿಯಲ್ಲಿ ಇದ್ದದ್ದೆಲ್ಲ ಹಲಗೆ ಬಾಗಿಲು. ಒಂದೊಂದೇ ಹಲಗೆ ಎತ್ತಿ ಪಕ್ಕಕ್ಕಿಡುವ ಬಾಗಿಲನ್ನು ಅರ್ಧಕ್ಕೆ ಇಳಿಸುವುದು ಹೇಗೆ?

ಅಮ್ಮ ಒಬ್ಬರೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ, ಆ ಪದ್ಧತಿ ಹಳೆಯದಲ್ಲ, ವಿಚಾರಿಸದೆ ಬರೆದದ್ದು ತಮ್ಮ ತಪ್ಪು ಎಂದು ಪ್ರಕಟಿಸಿದರು. ಫಲಕ ಬರಲಿಲ್ಲ. ಬೀದಿ ಅವರೊಡನೆ ಮಾತು ಬಿಟ್ಟಿತು. ಶಟರ್ ಇಳಿಸುವುದನ್ನೂ ಬಿಟ್ಟಿತು.

*

ಹೊಲಿಗೆ ಅಂಗಡಿಯ ಮುಂದೆ ಜನ ವ್ಯಾನಿಗೆ ಅಡ್ಡ ಬಂದರು. ಮಗಳು ಇಳಿದಳು. ಕತ್ತಿನಲ್ಲಿ ಅಳತೆ ಟೇಪು ನೇತುಹಾಕಿಕೊಂಡಿದ್ದ ಟೈಲರ್ ಅಕ್ಕ, ಸಾವಿನ ಸುದ್ದಿ ತಿಳಿದ ಬೆಳಗಿನಿಂದ ಬೀದಿಯಲ್ಲಿ ಒಂದೇ ಜಗಳ ಎಂದಳು.

"ಶಟರ್ ಇಳಿಸಿದ್ರೆ ಮೇಡಂನ ಆಡ್ಕೊಂಡ ಹಾಗಾಗುತ್ತೆ. ಹಳೇದಲ್ಲ ಅಂತ ಬರೆದೋರೇ ಅವ್ರು. ಇಳಿಸ್ದೇ ಇರೋಕೆ ಮನಸ್ಸು ಒಪ್ಪಲ್ಲ. ನೀನೇ ಹೇಳಮ್ಮ, ಏನು ಮಾಡೋಣ?"

ನೀನಾಗಿ ಏನೂ ಹೇಳಬೇಡ ಎಂಬ ಅಮ್ಮನ ಮಾತು ನೆನಪಾಯಿತು. ಮಗಳು ಮೆಟ್ಟಿಲ ಕೆಳಗೆ ಅದೇ ಜಾಗದಲ್ಲಿ ಕೂತಿದ್ದ ಮುದುಕನತ್ತ ತಿರುಗಿದಳು.

"ಅವತ್ತು ಅಮ್ಮನಿಗೆ ಯಾಕೆ ಹಾಗೆ ಹೇಳಿದ್ರಿ, ತಾತ?"

ಕೊಡೆ ತಾತ ಕೈಯಲ್ಲಿದ್ದ ಕಡ್ಡಿಯನ್ನು ಬಗ್ಗಿಸಿ ನೋಡಿದ. "ನಿಮ್ಮಮ್ಮ ಆಗಿನ್ನೂ ಚಿಕ್ಕ ಹುಡುಗಿ. ಬಿಸಿಲಿಗೆ ಮುಖ ಬಾಡಿಹೋಗಿತ್ತು. ಬರಿಗೈಲಿ ಹೇಗಮ್ಮ ಕಳಿಸೋದು?"

"ತನಗೊಂದು ಶಟರಿಲ್ಲ, ಬೀದಿಗೆಲ್ಲ ಶಟರಿನ ಶಾಸ್ತ್ರ ಹೇಳಿದ ಮಹಾರಾಯ," ಎಂದಳು ಟೈಲರ್ ಅಕ್ಕ. ಒಬ್ಬಿಬ್ಬರು ನಕ್ಕು, ವ್ಯಾನಿನ ಕಡೆ ನೋಡಿ ಬಾಯಿಗೆ ಕೈ ಅಡ್ಡ ಹಿಡಿದರು.

"ನೀವೇನು ಮಾಡ್ತೀರಿ ನೋಡು ಅಂದಿದ್ರು ಅಮ್ಮ," ಎಂದಳು ಮಗಳು. "ಏನು ಮಾಡ್ಬೇಕು ಅಂತ ಹೇಳ್ಲಿಲ್ಲ."

"ಹೋಗ್ತಾ ಹೋಗ್ತಾನೂ ಪ್ರಶ್ನೇನೇ," ಎಂದು ಟೈಲರ್ ಅಕ್ಕ ಮೂಗು ಒರೆಸಿಕೊಂಡು ಒಳಗೆ ಹೋದಳು.

ಮಗಳು ಈ ಸಲ ಹಿಂದೆ, ಅಮ್ಮನ ಪಕ್ಕ ಕೂತಳು. ಚಾಲಕ ತಾನಾಗಿಯೇ ನಿಧಾನವಾಗಿ ಬಿಟ್ಟ. ಸ್ವಲ್ಪ ದೂರ ಹೋಗುವುದರೊಳಗೆ ಕರಕರ ಎಂದು ತುಕ್ಕು ಹಿಡಿದ ಸದ್ದು. ಹೊಲಿಗೆ ಅಂಗಡಿಯ ಶಟರ್ ಎಳೆದೆಳೆದು ಇಳಿದು, ಅರ್ಧಕ್ಕೆ ನಿಂತಿತು. ಅದರ ಪಕ್ಕದ್ದು ಇಳಿಯಿತು. ಎದುರಿನದೂ. ಅವಳು ಹಿಂದಿನ ಗಾಜಿಗೆ ಮುಖ ಒತ್ತಿ, ಒಂದನ್ನೂ ಬಿಡದಂತೆ ನೋಡಿದಳು.

ಕೊನೆಗೆ ಮೆಟ್ಟಿಲ ಕೆಳಗಿಂದ ಕೊಡೆ ತಾತ ಎದ್ದು ಬೀದಿಗೆ ಬಂದ. ಅತ್ತಿತ್ತ ನೋಡಿ, ಯಾರೋ ರಿಪೇರಿಗೆ ಕೊಟ್ಟಿದ್ದ ಕರಿಕೊಡೆಯೊಂದನ್ನು ಬಿಚ್ಚಿದ. ಅದನ್ನು ಅರ್ಧಕ್ಕೆ ಮಡಿಸಿ, ಹಾಗೇ ಹಿಡಿದುಕೊಂಡು ನಿಂತ.