ಈ ಕಡೆ ತಿರುಗಿ

ಶನಿವಾರ ಶಾಲೆ ಬಿಟ್ಟ ಮೇಲೆ ಮೂರನೇ ತರಗತಿಯ ಟೀಚರ್ ವೇಣಿ, ಬಿಂದುಶ್ರೀಯ ತಾಯಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡಿದ್ದಳು. ನಾಗಸಂದ್ರದ ಆ ಸಣ್ಣ ಖಾಸಗಿ ಶಾಲೆಯಲ್ಲಿ ಪಾಠ ಮಾಡಿ ಅವಳಿಗೆ ಅಭ್ಯಾಸವಿತ್ತು. ಇಲ್ಲದ್ದು ತರಬೇತಿಯ ಸರ್ಟಿಫಿಕೇಟು. ಅದಕ್ಕೇ ಈಗ ದೂರಶಿಕ್ಷಣದಲ್ಲಿ ಓದುತ್ತಿದ್ದಳು.

"ನಿಮ್ಮ ಮಗಳಿಗೆ ಕಿವಿ ಸರಿಯಾಗಿ ಕೇಳಲ್ಲ. ಪಕ್ಕದವಳದ್ದು ನೋಡ್ಕೊಂಡು ಬರೀತಾಳೆ. ಹೆಡ್‌ಮೇಡಂ ತೀರ್ಮಾನ ನನಗೇ ಬಿಟ್ಟಿದಾರೆ. ಸೋಮವಾರ ಬಂದು ಟಿ.ಸಿ. ತಗೊಳ್ಳಿ, ಅಂಥ ಮಕ್ಕಳ ಶಾಲೆಗೆ ಸೇರಿಸಿ."

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಮಹಾದೇವಿ ಸೆರಗಿನ ತುದಿ ತಿರುಚಿದಳು. "ಅದು ಎಲ್ಲೋ ದೂರ ಮೇಡಂ. ನಾನು ಕೆಲ್ಸಕ್ಕೋದ್ರೆ ಕರ್ಕೊಂಡೋಗೋರು ಯಾರು? ಮುಖ ನೋಡ್ಕೊಂಡು ಮಾತಾಡಿದ್ರೆ ಅವಳಿಗೆ ತಿಳೀತದೆ. ಮನೇಲಿ ಅಂಗೇ ಮಾತಾಡೋದು."

"ಕ್ಲಾಸ್ ತುಂಬ ಮಕ್ಕಳಿದಾರೆ ಕಣ್ರೀ. ಒಬ್ಬಳ ಮುಖ ನೋಡ್ತಾ ಕೂತ್ರೆ ಪೋರ್ಷನ್ ಯಾರು ಮುಗಿಸ್ತಾರೆ?"

ವೇಣಿಯ ಮಾತೂ ಸುಳ್ಳಲ್ಲ. ಪೋರ್ಷನ್ ಮುಗಿಯದಿದ್ದರೆ ಬೈಸಿಕೊಳ್ಳುವವಳು ಅವಳೇ. ಆದರೂ ಮನೆಗೆ ಹೋಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕರೂ ಅವಳಿಗೆ ನೆಮ್ಮದಿಯಾಗಿ ಕೂರಲು ಆಗಲಿಲ್ಲ.

ಭಾನುವಾರ ಅಧ್ಯಯನ ಕೇಂದ್ರದಲ್ಲಿ ದೂರಶಿಕ್ಷಣದ ತರಗತಿ. ಎಲ್ಲಿಂದಲೋ ಪಾಠ ಮಾಡುತ್ತಿದ್ದ ಉಪನ್ಯಾಸಕಿ ಗೋಡೆಯ ಪರದೆಯ ಮೇಲೆ ಕಾಣುತ್ತಿದ್ದರು. ವಿಷಯ ಸಮನ್ವಯ ಶಿಕ್ಷಣ: ಯಾವ ಮಗುವನ್ನೂ ಬೇರೆ ಮಾಡದೆ ಎಲ್ಲರ ಜೊತೆಗೇ ಕಲಿಸುವುದು. ಶುರುವಾದ ಸ್ವಲ್ಪ ಹೊತ್ತಿಗೇ ಧ್ವನಿ ನಿಂತುಹೋಯಿತು. ಕೇಂದ್ರ ನೋಡಿಕೊಳ್ಳುತ್ತಿದ್ದ ಈರಣ್ಣ ವಯರು ಎಳೆದು, ಸ್ಪೀಕರು ತಟ್ಟಿ, ಕೊನೆಗೆ ಕೈಚೆಲ್ಲಿದರು.

"ಯಾರೂ ಎದ್ದೋಗ್ಬೇಡಿ ಮೇಡಂ, ಕೊನೇಲಿ ಹಾಜರಿ ತಗೋತೀನಿ."

ಹಾಜರಿ ಅಂದ ಮೇಲೆ ಎದ್ದು ಹೋಗುವವರು ಯಾರು? ವೇಣಿ ಚಡಪಡಿಸುತ್ತಲೇ ಉಪನ್ಯಾಸಕಿಯ ತುಟಿಗಳನ್ನು ನೋಡಿ ಒಂದೆರಡು ಮಾತು ಹಿಡಿದಳು. ಅಷ್ಟರಲ್ಲಿ ಆಕೆ ಬೋರ್ಡಿನ ಕಡೆ ತಿರುಗಿ, ಬರೆಯುತ್ತಲೇ ವಿವರಿಸತೊಡಗಿದರು. ಕಂಡದ್ದು ಬೆನ್ನು ಮಾತ್ರ. ಈ ಕಡೆ ತಿರುಗಬಾರದೇ ಎಂದು ವೇಣಿಗೆ ರೇಗಿತು. ಪಕ್ಕದವಳು ಅಂದಾಜಿನ ಮೇಲೆ ಏನೋ ಬರೆದುಕೊಳ್ಳುತ್ತಿದ್ದಳು. ವೇಣಿ ಕತ್ತು ಚಾಚಿ ಅದನ್ನೇ ನಕಲು ಮಾಡತೊಡಗಿದಳು.

ಅರ್ಧ ಸಾಲಿಗೆ ಅವಳ ಪೆನ್ನು ನಿಂತಿತು. ಬಿಂದುಶ್ರೀ ದಿನಾ ಮಾಡುತ್ತಿದ್ದುದೂ ಇದನ್ನೇ. ವೇಣಿಗೆ ತನ್ನ ಮೇಲೇ ನಾಚಿಕೆಯಾಯಿತು.

ಸೋಮವಾರ ಮಹಾದೇವಿ ಟಿ.ಸಿ.ಗೆಂದು ಬಂದಾಗ ವೇಣಿ ಬಿಂದುಶ್ರೀಯನ್ನು ಮೊದಲ ಬೆಂಚಿಗೆ ಕರೆತಂದು ಕೂರಿಸುತ್ತಿದ್ದಳು.

"ಟಿ.ಸಿ. ಬೇಡ. ನೀವು ಕೆಲಸಕ್ಕೆ ಹೋಗಿ, ಲೇಟಾಗತ್ತೆ."

ಆಮೇಲೆ ಬಾಗಿ, ಮಗುವಿನ ಮುಖ ನೋಡುತ್ತ ನಿಧಾನವಾಗಿ ಹೇಳಿದಳು: "ನಾನು ಬೋರ್ಡ್ ಕಡೆ ತಿರುಗಿ ಮಾತಾಡಿದ್ರೆ ಬೆಂಚು ತಟ್ಟು ಪುಟ್ಟಿ."

ಪಾಠ ಶುರುವಾಯಿತು. ಹಳೆಯ ಚಾಳಿ ಅಷ್ಟು ಬೇಗ ಎಲ್ಲಿ ಹೋಗುತ್ತದೆ? ವೇಣಿ ಬರೆಯುತ್ತ ಬರೆಯುತ್ತ ಬೋರ್ಡಿಗೇ ಪಾಠ ಹೇಳತೊಡಗಿದಳು. ಬೆನ್ನ ಹಿಂದೆ ಮೊದಲ ಬೆಂಚು ತಟ್ಟಿದ ಸದ್ದಾಯಿತು. ಇನ್ನೂ ಜಗಲಿಯಲ್ಲೇ ನಿಂತಿದ್ದ ಮಹಾದೇವಿ ಗಾಬರಿಯಿಂದ ಬಾಗಿಲಿಗೆ ಬಂದಳು.

ವೇಣಿ ಸೀಮೆಸುಣ್ಣ ಕೆಳಗಿಟ್ಟು, ಈ ಕಡೆ ತಿರುಗಿ, ಅದೇ ಮಾತನ್ನು ಮೊದಲಿನಿಂದ ಹೇಳಿದಳು.